ಬಂದ ಕಾರಣ

ನೂರಾ ಹದಿನೇಳನೇ ಗಿಡ ತಲೆ ಬಗ್ಗಿಸಿತ್ತು.

ಬೆಳಿಗ್ಗೆ ಗ್ರೀನ್‌ಹೌಸಿನ ಬಾಗಿಲು ತೆಗೆದವಳು ಅದನ್ನು ನೋಡಿ ನಿಂತಲ್ಲೇ ನಿಂತಳು. ಅಕ್ಕಪಕ್ಕದ ಕುಂಡಗಳ ಕಡಲೆ ಗಿಡಗಳೆಲ್ಲ ನೆಟ್ಟಗಿದ್ದವು. ಇದೊಂದೇ ಜೋತುಬಿದ್ದಿತ್ತು.

ಅಲ್ಲಿದ್ದದ್ದು ಇನ್ನೂರು ಗಿಡ, ಒಂದೊಂದೂ ಒಂದೊಂದು ಥರ. ಬೀಜ ಬಲಿಯಲು ಇನ್ನೂ ಇಪ್ಪತ್ತು ದಿನ ಬೇಕು. ಆಮೇಲೆ ಆ ಬೀಜವನ್ನು ಬೇಕೆಂದೇ ಸೊರಗು ರೋಗ ಹಬ್ಬಿಸಿಟ್ಟ ಹೊಲದಲ್ಲಿ ಬಿತ್ತಿ, ಯಾವುದು ಸತ್ತಿತು, ಯಾವುದು ಉಳಿಯಿತು ಎಂದು ಬರೆದು, ಎಲೆಯಿಂದ ತೆಗೆದ ಡಿಎನ್‌ಎ ಜೊತೆ ತಾಳೆ ನೋಡಿದರೆ ರೋಗ ತಡೆಯುವ ಜೀನ್ ಎಲ್ಲಿ ಕೂತಿದೆ ಎಂಬ ನಕ್ಷೆ ಸಿಗುತ್ತದೆ. ಮೂರು ವರ್ಷದ ಕೆಲಸ. ರೋಗ ಈಗಲೇ ಒಳಗೆ ಬಂದಿದ್ದರೆ ಇನ್ನೂರನ್ನೂ ಕಿತ್ತು ಸುಡಬೇಕು.

ರೋಗ ಬರುವುದು ಮಣ್ಣಿನಿಂದ. ಮಣ್ಣು ಬರುವುದು ಬೂಟಿನಿಂದ. ಯಾರ ಬೂಟು ಎಂಬುದೂ ಅವಳಿಗೆ ಗೊತ್ತಿತ್ತು.

ರೋಗದ ಹೊಲ ನೋಡಿಕೊಳ್ಳುವವನನ್ನು ಆಫೀಸಿನಲ್ಲಿ ಎಲ್ಲರೂ ಸೊರಗು ಡಾಕ್ಟರ್ ಎನ್ನುತ್ತಿದ್ದರು. ಆ ಹೊಲಕ್ಕೆ ಇಳಿದವರು ಅವತ್ತು ಗ್ರೀನ್‌ಹೌಸಿಗೆ ಕಾಲಿಡಬಾರದು ಎಂಬುದು ಈ ಸಂಶೋಧನಾ ಕೇಂದ್ರ ನಡೆಸುವ ಮೇಡಂ ಮಾಡಿದ ನಿಯಮ. ಹಾಗಾಗಿ ದಿನಾ ಹತ್ತು ಗಂಟೆಗೆ ಅವನು ಬಾಗಿಲಾಚೆ, ಅವಳು ಈಚೆ, ನಡುವೆ ಬೂಟು ಅದ್ದುವ ಔಷಧಿ ನೀರಿನ ಟ್ರೇ. ಇವತ್ತು ಎಷ್ಟು ಸತ್ತವು ಎಂದು ಅವಳು ಕೇಳುವಳು. ಬರೀ ಗಿಡದ ಲೆಕ್ಕವಾ, ಬಾಗಿಲಲ್ಲಿ ನಿಂತು ಸಾಯುವವರದ್ದೂ ಸೇರಿಸಿಯಾ ಎಂದು ಅವನು ಕೇಳುವನು. ಹಲ್ಲಿದ್ದವನಿಗೆ ಕಡಲೆ ಇಲ್ಲ ಅಂದರೆ ಇದೇ ನೋಡಿ ಎಂದು ಒಮ್ಮೆ ನಿಟ್ಟುಸಿರು ಬಿಟ್ಟಿದ್ದ. ಗಿಡ ನೋಡೋಕೆ ಯಾರಾದ್ರೂ ಕಾಡಿಗೆ ಹಚ್ಕೊಂಡು ಹೋಗ್ತಾರೇನೇ ಎಂದು ಅವಳ ಅಕ್ಕ ಕೇಳಿದ್ದೂ ಆ ದಿನಗಳಲ್ಲೇ.

ಒಂಬತ್ತು ದಿನದ ಹಿಂದೆ ಹತ್ತು ಗಂಟೆಗೆ ಅವಳು ಬಾಗಿಲಿಗೆ ಹೋಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಕಾಯಿ ಎಣಿಸುತ್ತಿದ್ದಳು. ಬೆನ್ನ ಹಿಂದೆ ಹೆಜ್ಜೆಗಳು ಬಂದು, ಸ್ವಲ್ಪ ಹೊತ್ತು ನಿಂತು, ಮಾತಿಲ್ಲದೆ ವಾಪಸ್ಸು ಹೋದವು. ತಿರುಗಿದರೆ ಎಲ್ಲಿ ಹೊರಟುಬಿಡುತ್ತಾನೋ ಎಂದು ಅವಳು ತಿರುಗಲೇ ಇಲ್ಲ. ಆಮೇಲೆ ನೋಡಿದರೆ ನೂರಾ ಹದಿನೇಳರ ಪಕ್ಕ ನೆಲದ ಮೇಲೆ ಬೂಟಿನ ಮಣ್ಣು. ಮೇಡಂಗೆ ಹೇಳಬೇಕಿತ್ತು. ಹೇಳದೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಳು. ಸಾಲದ್ದಕ್ಕೆ ಅವತ್ತಿಡೀ ಖುಷಿಯಾಗಿದ್ದಳು.

ಈಗ ಫೋನ್ ಮಾಡಿ, ಹೊಲಕ್ಕೆ ಇಳಿಯುವ ಮೊದಲೇ ಬನ್ನಿ ಎಂದಳು. ಅವನು ಮನೆಯಿಂದ ನೇರ ಬಂದ. ಸ್ನಾನದ ಕೂದಲು ಇನ್ನೂ ಆರಿರಲಿಲ್ಲ. ಹೊಸ ಬೂಟನ್ನು ಟ್ರೇಯಲ್ಲಿ ಎರಡೆರಡು ಸಲ ಅದ್ದಿದ. ಸೊರಗು ಹೌದೋ ಅಲ್ಲವೋ ತಿಳಿಯಲು ಗಿಡ ಕಿತ್ತು ಕಾಂಡ ಸೀಳಬೇಕು. ಒಳಗೆ ಕಂದು ಗೆರೆ ಕಂಡರೆ ಎಲ್ಲ ಮುಗಿದಂತೆ.

ಸಾವಿರ ಕಾಂಡ ಸೀಳಿದವನು ಇವತ್ತು ಗಿಡ ಕಿತ್ತು, ಬ್ಲೇಡ್ ತೆಗೆದು, ಮತ್ತೆ ಕೆಳಗಿಟ್ಟ.

"ಸೀಳೋ ಮೊದ್ಲು ಒಂದು ಮಾತು ಹೇಳ್ಬೇಕು," ಎಂದ. "ಅವತ್ತು ನಾನು ಒಳಗೆ ಬಂದಿದ್ದೆ. ಹೊಲದಿಂದ ನೇರವಾಗಿ. ನೀವು ಬಾಗಿಲಿಗೆ ಬರ್ಲಿಲ್ಲ, ಏನಾಯ್ತೋ ಅಂತ ಭಯ ಆಯ್ತು."

"ಗೊತ್ತು," ಎಂದಳು. "ಆ ಮಣ್ಣು ಒರೆಸಿದ್ದು ನಾನೇ."

ಅವನು ತಲೆಯೆತ್ತಿದ. ಇಷ್ಟು ದಿನ ಟ್ರೇಯ ಆಚೆಯಿಂದ ಕದ್ದು ನೋಡುತ್ತಿದ್ದ ಕಣ್ಣುಗಳು ಮೊದಲ ಸಲ ಇಷ್ಟು ಹತ್ತಿರದಲ್ಲಿದ್ದವು, ಅವುಗಳಲ್ಲಿ ಹೆದರಿಕೆ ಬಿಟ್ಟು ಬೇರೇನೂ ಇರಲಿಲ್ಲ. ಅವಳು ಬ್ಲೇಡನ್ನು ಅವನ ಕೈಗಿತ್ತು ಮಣಿಕಟ್ಟು ಹಿಡಿದಳು.

ಬ್ಲೇಡ್ ಇಳಿಯಿತು. ಕಾಂಡದ ಒಳಗೆಲ್ಲ ಬೆಳ್ಳಗಿತ್ತು. ಬೇರಿನ ಬಳಿ ಮಾತ್ರ ಕಡಿದ ಗಾಯ, ಕುಂಡದ ಮಣ್ಣಿನಲ್ಲಿ ಮುದುಡಿ ಮಲಗಿದ ಕೊಬ್ಬಿದ ಹುಳ. ಹುಟ್ಟಿದಾಗಿನಿಂದ ಅವಳಿಗೆ ಯಾವ ಹುಳವೂ ಅಷ್ಟು ಮುದ್ದಾಗಿ ಕಂಡಿರಲಿಲ್ಲ.

"ಬಚಾವಾದ್ವಿ," ಎಂದಳು. "ಯಾರಿಗೂ ಹೇಳೋದು ಬೇಡ."

ಅವನು ಒಪ್ಪಲಿಲ್ಲ. ಈ ಗಿಡದಲ್ಲಿ ರೋಗ ಇಲ್ಲ, ಅಷ್ಟೇ. ಮಣ್ಣು ಬಿದ್ದದ್ದಂತೂ ನಿಜ, ಸೊರಗು ವಾರಗಟ್ಟಲೆ ಅಡಗಿ ಕೂತಿರುತ್ತದೆ. ಈ ಸಾಲನ್ನು ಇವತ್ತೇ ಬೇರೆ ಕಡೆ ಇಟ್ಟರೆ ಉಳಿದದ್ದಾದರೂ ಉಳಿದೀತು, ಅದಕ್ಕೆ ಮೇಡಂಗೆ ಗೊತ್ತಾಗಲೇಬೇಕು ಎಂದ. ಕೆಲಸ ಹೋದರೆ ಎಂದು ಅವಳು ಕೇಳಿದಳು. ಹೋಗಬಹುದು ಎಂದ.

ಬಾಗಿಲ ಪಕ್ಕ ದಾರ ಕಟ್ಟಿ ತೂಗುಹಾಕಿದ ಪುಸ್ತಕವಿತ್ತು. ಒಳಗೆ ಬಂದವರೆಲ್ಲ ಅದರಲ್ಲಿ ಬರೆಯಬೇಕು, ಮೇಡಂ ಪ್ರತಿ ಶನಿವಾರ ಓದುತ್ತಾರೆ. ಇವತ್ತು ಶನಿವಾರ. ಅವನು ಒಂಬತ್ತು ದಿನದ ಹಿಂದಿನ ತಾರೀಕು ಹಾಕಿದ. ಬೂಟು ಬದಲಿಸಿದ್ದೀರಾ ಎಂಬಲ್ಲಿ ಇಲ್ಲ ಎಂದು ಬರೆದ. ಬಂದ ಕಾರಣ ಎಂಬಲ್ಲಿ ಪೆನ್ನು ನಿಂತಿತು.

"ಪರಿಶೀಲನೆ ಅಂತ ಬರೀರಿ," ಎಂದು ಅವಳು ಪಿಸುಗುಟ್ಟಿದಳು.

ಅವನು ಬರೆದ: ಅವರನ್ನು ನೋಡದೆ ಇರಲಾಗಲಿಲ್ಲ.

ಅವಳು ಅದನ್ನು ಮೂರು ಸಲ ಓದಿದಳು. ಕಿವಿ ಬಿಸಿಯಾಯಿತು, ಭಯ ಮಾತ್ರ ಹೋಗಲಿಲ್ಲ. ಕೊನೆಯ ಕಾಲಂ ಖಾಲಿಯಿತ್ತು: ಒಳಗೆ ಬಿಟ್ಟವರು.

"ಇಲ್ಲಿ ಕೊಡು," ಎಂದು ಪೆನ್ನು ಕಸಿದುಕೊಂಡು ಅವಳು ಸಹಿ ಹಾಕಿದಳು.

ಹೊರಗೆ ಮೇಡಂ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಅವಳು ಪುಸ್ತಕ ಮುಚ್ಚದೆ, ಅವನ ಕೈ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತ ನಿಂತಳು.