ಬೀಗ ಹಾಕಿದ ಪಂಜರದಿಂದ ಹೋದ ಮಂತ್ರಿ

"ಬೀಗ ಹಾಕಿದ ಹಾಗೇ ಇದೆ. ಕೀ ನನ್ನ ಕೊರಳಲ್ಲಿದೆ. ಮಂತ್ರಿ ಮಾತ್ರ ಇಲ್ಲ" ಎನ್ನುತ್ತ ಓನರಮ್ಮ ಅತ್ತೆಯ ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತರು.

ಮಂತ್ರಿ ಅವರ ಹಸಿರು ಗಿಳಿ. ಏನು ಹೇಳಿದರೂ ತಲೆಯಾಡಿಸುತ್ತದೆಂದು ಆ ಹೆಸರಿಟ್ಟವನು ನಾನೇ. ಓನರಮ್ಮ ಕಟ್ಟಡದ ಒಡತಿ. ಮೊದಲ ಮಹಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಅತ್ತೆಯದು ಮೆಟ್ಟಿಲ ಕೆಳಗಿನ ಗಡಿಯಾರ ರಿಪೇರಿ ಅಂಗಡಿ. ಕಟ್ಟಡದಲ್ಲಿ ಏನೇ ಕಳೆದರೂ, ಯಾರೇ ಸುಳ್ಳು ಹೇಳಿದರೂ ಕೇಸು ಬರುತ್ತಿದ್ದುದು ಅಲ್ಲಿಗೇ. ಅಂಗಡಿಗೂ ಕೇಸಿಗೂ ಅತ್ತೆಯ ಅಸಿಸ್ಟೆಂಟ್ ನಾನು.

"ಯಾರ ಮೇಲಾದ್ರೂ ಅನುಮಾನ?" ಅತ್ತೆ ಕೇಳಿದರು.

"ಅನುಮಾನ ಏನು ಬಂತು, ಕಟಿಂಗ್ ಅಣ್ಣಂದೇ ಕೆಲಸ. 'ರೆಕ್ಕೆ ಇರೋದನ್ನ ಕೂಡಿಹಾಕ್ತೀರಲ್ಲ, ಒಂದಿನ ನಾನೇ ಬಿಟ್ಟುಬಿಡ್ತೀನಿ' ಅಂತ ಎಲ್ಲರ ಮುಂದೆ ಅಂದಿದ್ದ. ಸಂಜೆ ಎಲ್ಲರನ್ನೂ ಕರೀತೀನಿ. ನಾಳೆಯೇ ಅವನು ಅಂಗಡಿ ಖಾಲಿ ಮಾಡ್ಬೇಕು."

ಕಟಿಂಗ್ ಅಣ್ಣ ಪಕ್ಕದ ಕ್ಷೌರದಂಗಡಿಯವನು. ಇಪ್ಪತ್ತು ವರ್ಷದಿಂದ ಅದೇ ಕುರ್ಚಿ, ಅದೇ ಕನ್ನಡಿ.

"ಅಪರಾಧಿ ಪಾತಾಳದಲ್ಲಿದ್ರೂ ಸರಿ, ಕೈಗೆ ಕೋಳ ಬಿದ್ದ ಮೇಲೇ ಈ ಟೋಪಿ ಕೆಳಗಿಳಿಯೋದು" ಎಂದೆ, ಸಿನಿಮಾ ಇನ್ಸ್‌ಪೆಕ್ಟರ್ ದನಿಯಲ್ಲಿ.

"ತಲೇಲಿ ಟೋಪೀನೇ ಇಲ್ಲ, ನಡಿ" ಎಂದರು ಅತ್ತೆ.

ಮೇಲೆ ಓನರಮ್ಮನ ಕೋಣೆಯ ಕಿಟಕಿ ತೆರೆದಿತ್ತು. ಪಂಜರದ ದೊಡ್ಡ ಬಾಗಿಲಿಗೆ ಬೀಗವಿತ್ತು.

"ಈ ಪಂಜರ ಆರಿಸಿದ್ದು ಯಾರು?" ಎಂದರು ಅತ್ತೆ.

"ನಿಮ್ಮ ಹುಡುಗನೇ. ಗಟ್ಟಿಯಾಗಿರ್ಬೇಕು, ಬೆಕ್ಕು ಜಗ್ಗಿದ್ರೂ ಅಲ್ಲಾಡಬಾರದು ಅಂತ ಹೇಳಿ ಕಳಿಸಿದ್ದೆ."

"ಪಕ್ಕಾ ಸ್ಟೀಲು ಅತ್ತೆ. ಸರಳಿನ ಮಧ್ಯೆ ಬೆರಳು ಕೂಡ ತೂರಲ್ಲ."

"ಮಾರಿದವನು ಇನ್ನೇನು ಹೇಳ್ದ?"

ಅವನು ಬಹಳ ಹೇಳಿದ್ದ. ಆ ಹೊತ್ತಿಗೆ ನಾನು ಅಲ್ಲಿದ್ದ ಮೈನಾಕ್ಕೆ ವಿಲನ್ ನಗು ಕಲಿಸುತ್ತಿದ್ದೆ. "ನೆನಪಿಲ್ಲ" ಎಂದೆ.

ಅತ್ತೆ ಗಡಿಯಾರ ನೋಡುವ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡರು. ಪಂಜರದ ಪಕ್ಕದಲ್ಲಿ ಕಾಳು, ನೀರಿನ ಬಟ್ಟಲು ಇಡಲು ಎರಡು ಪುಟ್ಟ ತಗಡಿನ ಬಾಗಿಲುಗಳಿದ್ದವು. ಒಂದರ ಕೆಳಅಂಚಿನಲ್ಲಿ ಸಣ್ಣ ಗೀರುಗಳು. ಅದು ಸರಿಯುವ ಸಂದಿಯಲ್ಲಿ ಹಸಿರು ಪುಕ್ಕದ ಎಳೆ. ಅತ್ತೆ ಮಸೂರ ತೆಗೆದು ಕ್ಷೌರದಂಗಡಿಗೆ ಇಳಿದರು.

ಕಟಿಂಗ್ ಅಣ್ಣ ಖಾಲಿ ಕುರ್ಚಿಯ ಹಿಂದೆ ನಿಂತಿದ್ದ. "ಬಿಡ್ತೀನಿ ಅಂದಿದ್ದು ನಿಜ ಅಕ್ಕ. ಬಿಟ್ಟಿದ್ದು ನಾನಲ್ಲ. ಬೇಕಾದ್ರೆ ಹುಡುಕಿ."

ಡ್ರಾಯರಿನಲ್ಲಿ ಎರಡು ಸ್ಟೀಲ್ ಕ್ಲಿಪ್ಪುಗಳೂ ಎಣ್ಣೆ ಹಿಡಿದ ಕಾಗದದ ಉದ್ದನೆಯ ಪಟ್ಟಿಯೂ ಸಿಕ್ಕವು. "ಮೊನ್ನೆ ಯಾರೋ ನನ್ನ ಕೋಟಿಗೆ ಈ ಬಾಲ ಸಿಕ್ಕಿಸಿದ್ರು. ಬೀದಿ ತುದಿವರೆಗೂ ಹಾಗೇ ಹೋಗಿದ್ದೆ" ಎಂದ ಅವನು.

ಹಿಂದೆಯೇ ಬಂದಿದ್ದ ಓನರಮ್ಮ ಕ್ಲಿಪ್ಪುಗಳನ್ನು ಕಿತ್ತುಕೊಂಡರು. "ಪಂಜರ ಬಂದ ದಿನ ಇವು ಅದರ ಮೇಲಿದ್ವು. ಕಳ್ಳ ಸಿಕ್ಕಿಬಿದ್ದ."

ಆಗಲೇ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಗೋಡೆಯ ದೊಡ್ಡ ಕನ್ನಡಿಯ ಕಡೆ ನೋಡಲೂ ಆಗಲಿಲ್ಲ.

ಸಂಜೆ ಓನರಮ್ಮನ ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಇಡೀ ಕಟ್ಟಡ ಸೇರಿತು. ನಡುವೆ ಪಂಜರ. ಅತ್ತೆ ಪುಟ್ಟ ಬಾಗಿಲಿನ ಅಡಿಗೆ ಪೆನ್ಸಿಲ್ ತುದಿ ಇಟ್ಟು ಮೇಲಕ್ಕೆತ್ತಿದರು, ಪಂಜರದೊಳಗೆ ಇಟ್ಟಿದ್ದ ದಾರದುಂಡೆಯನ್ನು ಹೊರಗೆ ತಳ್ಳಿದರು, ಪೆನ್ಸಿಲ್ ತೆಗೆದರು. ತಗಡು ಟಪ್ಪನೆ ಕೆಳಗೆ ಬಿತ್ತು.

"ಪೆನ್ಸಿಲ್ ಬದಲು ಕೊಕ್ಕು ಅಂದ್ಕೊಳ್ಳಿ. ಗೀರು ಕೊಕ್ಕಿಂದು, ಪುಕ್ಕ ಹೊರಗೆ ನುಗ್ಗುವಾಗ ಸಿಕ್ಕಿದ್ದು. ಬಾಗಿಲು ತಾನಾಗೇ ಮುಚ್ಕೊಳ್ತು. ಮಂತ್ರಿ ಕಿಟಕಿಯಿಂದ ಹಾರಿಹೋದ. ಸರಳು ಎಷ್ಟೇ ಗಟ್ಟಿ ಇದ್ರೂ ಎತ್ತೋ ಬಾಗಿಲಿಗೆ ಕ್ಲಿಪ್ ಹಾಕ್ಲೇಬೇಕು. ಮಧ್ಯಾಹ್ನ ಪಂಜರ ಮಾರಿದವನಿಗೆ ಫೋನ್ ಮಾಡ್ದೆ. ಅದಕ್ಕೇ ಕ್ಲಿಪ್ ಕೊಟ್ಟಿದ್ನಂತೆ, ಮೂರು ಸಲ ಹೇಳಿದ್ನಂತೆ."

"ಆ ಕ್ಲಿಪ್ ಕದ್ದಿದ್ದು ಇವನೇ ತಾನೇ?" ಓನರಮ್ಮ ಕೇಳಿದರು.

"ಕದ್ದು ತನ್ನ ಬೆನ್ನಿಗೇ ಬಾಲ ಕಟ್ಕೊಂಡ್ನಾ? ಬಾಲ ಕಟ್ಟಿದವನೇ ಕ್ಲಿಪ್ ತೆಗೆದವನು. ಈ ಕಾಗದ ಮೂಸಿ ನೋಡಿ. ಗಡಿಯಾರದ ಎಣ್ಣೆ. ಅದಿರೋದು ನನ್ನ ಅಂಗಡೀಲಿ, ಅಲ್ಲಿರೋರು ಇಬ್ಬರು. ನಾನಂತೂ ಬಾಲ ಕಟ್ಟೋ ವಯಸ್ಸು ದಾಟಿದ್ದೀನಿ."

ಯಾರೂ ನಗಲಿಲ್ಲ. ಅತ್ತೆ ನನ್ನ ಕಡೆ ನೋಡಿ ಕಾದರು.

"ನಾನೇ" ಎಂದೆ. "ಕ್ಲಿಪ್ ಯಾಕೆ ಅಂತ ಗೊತ್ತಿರ್ಲಿಲ್ಲ. ಕೇಳಿಸ್ಕೊಂಡಿರ್ಲಿಲ್ಲ. ತಪ್ಪಾಯ್ತು."

ಓನರಮ್ಮ ಎದ್ದು ಕಟಿಂಗ್ ಅಣ್ಣನ ಎದುರು ಕೈಮುಗಿದರು. "ನೀನು ಎಲ್ಲೂ ಹೋಗ್ಬೇಡಪ್ಪ" ಎಂದು ಅಳತೊಡಗಿದರು.

ನಾನು ಒಂದು ಹಿಡಿ ಕಾಳು ತೆಗೆದುಕೊಂಡು ತಾರಸಿಗೆ ಹೋದೆ. ಸುತ್ತಲ ಮರಗಳಲ್ಲಿ ಎಲೆಗಳೆಲ್ಲ ಗಿಳಿಯಂತೆಯೇ ಕಾಣುತ್ತಿದ್ದವು. ಹಿಂದೆ ಹೆಜ್ಜೆ ಸಪ್ಪಳ. ಕಟಿಂಗ್ ಅಣ್ಣ.

"ಓನರಮ್ಮ ನನ್ನ ಹತ್ರ ಕ್ಷಮೆ ಕೇಳಿದ್ರು. ನೀನು?"

"ಕೆಳಗೆ ಕೇಳಿದ್ನಲ್ಲಣ್ಣ."

"ಅದು ನಿಮ್ಮತ್ತೆ ಕಣ್ಣಿಗೆ ಹೆದರಿ ಕೇಳಿದ್ದು. ಡ್ರಾಯರ್ ತೆಗೆದಾಗ ಪಕ್ಕದಲ್ಲೇ ಇದ್ಯಲ್ಲ. ನನ್ನನ್ನ ಕಳ್ಳ ಅಂದಾಗ್ಲೂ ಇದ್ದೆ."

ನನ್ನ ಕೈಯ ಕಾಳು ನೆಲಕ್ಕೆ ಚೆಲ್ಲಿತು. "ಹೆದರಿಬಿಟ್ಟೆ ಅಣ್ಣ. ಬೈಸ್ಕೊಳ್ಳೋದು ನೀನಾದ್ರೆ ನಾನು ಉಳ್ಕೊಳ್ತೀನಿ ಅನ್ನಿಸ್ತು. ಒಂದು ಕ್ಷಣ ಅಲ್ಲ, ಸಂಜೆವರೆಗೂ ಅನ್ನಿಸ್ತು."

 ಅವನು ಬಗ್ಗಿ, ಚೆಲ್ಲಿದ ಕಾಳುಗಳಲ್ಲಿ ಅರ್ಧ ಬಾಚಿಕೊಂಡ.

"ನೀನು ಆ ಕಡೆ ಮರ ನೋಡು" ಎಂದ. "ಈ ಕಡೇದು ನಾನು ನೋಡ್ತೀನಿ."