ಅಳೆಯದೆ ನಂಬಿದ ಮಾತು

"ಮೈಮ್ಯಾಲ ಬರ್ದದ್ದು ನಂಬಬ್ಯಾಡ್ರಿ ಉಮಾಶ್ರೀ ಮೇಡಂ. ಅಳೀರಿ."

ಶಿದ್ರಾಯ ನನ್ನೊಂದಿಗೆ ಆಡಿದ ಮೊದಲ ಮಾತೇ ಅದು.

ಡಫಳಾಪುರದಲ್ಲಿ ನಮ್ಮ ಸೋಮನಿಂಗಪ್ಪ ಮಾಮಾನ ಸೌಂಡ್ ಸರ್ವಿಸ್ ಅಂಗಡಿ. ಬಿ.ಎಸ್ಸಿ. ಮುಗಿಸಿ, ಎಲ್ಲೂ ಕೆಲಸ ಸಿಗದೆ, ನಾನು ಅಲ್ಲಿ ಕೂತಿರುತ್ತಿದ್ದೆ. ಸ್ಪೀಕರ್ ರಿಪೇರಿ ಶಿದ್ರಾಯನದು. ಅಂದು ಒಂದು ಕೆಪ್ಯಾಸಿಟರ್ ಮೇಲೆ 4.7 ಮೈಕ್ರೊಫ್ಯಾರಡ್ ಎಂದು ಅಚ್ಚಾಗಿತ್ತು. ಸ್ಪೀಕರಿನೊಳಗಿನ ಕ್ರಾಸ್‌ಓವರ್ ಬೋರ್ಡಿನಿಂದ ಅದರ ಒಂದು ಕಾಲು ಬಿಡಿಸಿ, ಮೀಟರನ್ನು ನನ್ನ ಕೈಗಿಟ್ಟ. ಬಂದದ್ದು 3.1.

"ವಯಸ್ಸಾಗೇತಿ. ಅದಕ್ಕ ಈ ಸಣ್ಣ ಸ್ಪೀಕರು, ಟ್ವೀಟರ್, ಪಿಸುಗುಡತೈತಿ, ನಿಮ್ಮಂಗ."

ನಾನು ದುಪಟ್ಟಾ ಬಾಯಿಗೊತ್ತಿಕೊಂಡು ನಕ್ಕೆ.

ಆಮೇಲೆ ಅಳೆಯುವುದು ನನ್ನ ಕೆಲಸವೇ ಆಯಿತು. ಎರಡೂ ಬಾಕ್ಸ್‌ಗಳಿಂದ ಒಂದೇ ದನಿ ಬರಬೇಕೆಂದರೆ, ಹೊಸ ಕೆಪ್ಯಾಸಿಟರ್‌ಗಳ ರಾಶಿಯಲ್ಲಿ ಸರಿಸಮ ಅಳತೆಯ ಜೋಡಿ ಹುಡುಕಬೇಕು. ನಾನು ಅಂಕಿ ಓದುವಾಗ ಅವನು ಬಿಸಿ ಸೋಲ್ಡರಿಂಗ್ ಕಡ್ಡಿ ಎತ್ತಿ ಹಿಡಿದು, ನನ್ನ ತುಟಿ ನೋಡುತ್ತ ಕಾಯುತ್ತಿದ್ದ. ಜೋಡಿ ಸಿಕ್ಕರೆ ಹುಬ್ಬು ಹಾರಿಸುತ್ತಿದ್ದ. ಕೆಲವೊಮ್ಮೆ ಸಿಕ್ಕಿದ್ದನ್ನೂ ಮುಷ್ಟಿಯಲ್ಲಿ ಬಚ್ಚಿಟ್ಟು ನಾನು ಮತ್ತೂ ಹುಡುಕುತ್ತಿದ್ದೆ.

ದೀಪಾವಳಿಯ ನಂತರ ಅವನು ಮಾತು ಕಡಿಮೆ ಮಾಡಿದ. ಹುಬ್ಬೂ ಹಾರಲಿಲ್ಲ. ಯಾಕೆಂದು ಕೇಳಲು ನನಗೆ ಬಾಯಿಯೇ ಬರಲಿಲ್ಲ.

ಮೊನ್ನೆ ಮಧ್ಯಾಹ್ನ ಅಂಗಡಿಯ ದೊಡ್ಡ ಬಾಕ್ಸ್‌ಗಳನ್ನು ಬಿಚ್ಚಿದ.

"ಚಲೋ ಜೋಡಿ ಹುಡುಕ್ರಿ. ಸೋಮವಾರ ನಂದ ಸಾಕರಪುಡಾ ಐತಿ." ನಿಶ್ಚಿತಾರ್ಥದ ಹುಡುಗಿ ತಿಕೋಂಡಿಯವಳಂತೆ, ಅವರದೇ ಪೈಕಿ.

ಮೀಟರಿನಿಂದ ಕಣ್ಣೆತ್ತದೆಯೇ, ಒಮ್ಮೆಯಾದರೂ ನನ್ನನ್ನು ಕೇಳಬೇಕೆನ್ನಿಸಲಿಲ್ಲವೇ ಎಂದೆ. ಅದೆಲ್ಲಿಂದ ಬಂತೋ ಧೈರ್ಯ.

ಅವನು ಕಡ್ಡಿ ಕೆಳಗಿಟ್ಟ. "ದೀಪಾವಳಿ ಮುಂದ ನಿಮ್ಮನ್ನ ನನಗ ಕೊಡ್ತೀರೇನಂತ ನಿಮ್ಮ ಮಾಮಾನ್ನ ಕೇಳಿದ್ನಿರಿ. ಕುರಿ ಕಾಯೋರ ಹುಡುಗ ಅಂತ ಉಮಾಶ್ರೀ ನಿನ್ನ ನೋಡಿ ನಗತಾಳ ಅಂದ್ರು. ನೀವು ನಗೋದು ನಾನೂ ನೋಡಿದ್ನಲ್ಲ."

"ಎಲ್ಲಾ ಅಳದ ನೋಡವ್ರು, ಇದೊಂದು ಹಂಗ ನಂಬಿದ್ರಿ?"

ಅವನ ಕಣ್ಣು ಒಂದು ಕ್ಷಣ ನನ್ನ ಮುಖದ ಮೇಲೆ ನಿಂತಿತು, ಮೊದಲಿನ ಹಾಗೆಯೇ. ಆಮೇಲೆ ಬೋರ್ಡಿನ ಮೇಲೆ ಬಿತ್ತು.

"ಈಗ ಮಾತು ಕೊಟ್ಟಾಗೇತ್ರಿ."

ಬೇಕೆಂದೇ ಬೇರೆ ಅಳತೆಯದನ್ನು ಕೊಡಬಹುದಿತ್ತು. ಅವನು ನನ್ನನ್ನು ನಂಬಿ ಕೈ ಚಾಚಿದ್ದ. 4.68, 4.68 ಕೊಟ್ಟೆ. ಹಳೆಯವನ್ನು ಕಿತ್ತು ಎರಡನ್ನೂ ಬೆಸುಗೆ ಹಾಕಿದ. ರಾಳದ ಹೊಗೆ ನಮ್ಮಿಬ್ಬರ ನಡುವೆ ಏರಿತು. ಕಣ್ಣೊರೆಸಿಕೊಳ್ಳಲು ನನಗೆ ಅದೇ ನೆಪವಾಯಿತು.

ಪ್ರತಿ ಸಲ ಟೆಸ್ಟಿಂಗಿಗೆಂದು ಅವನು ಮೈಕ್ ನನ್ನ ಕಡೆ ಚಾಚುತ್ತಿದ್ದ, ನಾನು ತಲೆಯಲ್ಲಾಡಿಸುತ್ತಿದ್ದೆ. ಈ ಸಲ ಅವನು ಚಾಚಲಿಲ್ಲ. ನಾನೇ ತೆಗೆದುಕೊಂಡೆ.

"ನಾನು ನಗತಿದ್ದದ್ದು ಖುಷಿಗಿ, ಶಿದ್ರಾಯ."

ಎರಡೂ ಬಾಕ್ಸ್‌ಗಳಲ್ಲಿ ನನ್ನ ದನಿ ರಸ್ತೆಯವರೆಗೆ ಸ್ಪಷ್ಟವಾಗಿ ಹೋಯಿತು. ಎದುರಿನ ಚಹಾದಂಗಡಿಯಲ್ಲಿ ಮಾಮಾ ಚಹಾದ ಕಪ್ ಹಿಡಿದುಕೊಂಡೇ ತಿರುಗಿ ನೋಡಿದ.

ಶಿದ್ರಾಯ ಲಗುಬಗೆಯಿಂದ ವಾಲ್ಯೂಮ್ ಇಳಿಸಿದ. ನನ್ನ ಕಡೆ ನೋಡದೆ, "ಎರಡೂ ಸರಿಸಮ ಹೇಳಾಕತ್ತಾವ್ರಿ," ಎಂದು ಬಾಕ್ಸ್‌ನ ಹಿಂಬದಿಯ ಸ್ಕ್ರೂ ತಿರುಗಿಸತೊಡಗಿದ.