ಮೇಘಶ್ರೀ ತಲೆಯ ಮೇಲಿನ ಓವನ್

"ನೋಡಮ್ಮ, ಇವತ್ತೂ ಬಿದ್ದೈತೆ," ಎನ್ನುತ್ತ ಮೇಘಶ್ರೀ ಗಣಿತದ ನೋಟ್‌ಬುಕ್ಕನ್ನು ಅಮ್ಮನ ಮೂಗಿನ ಹತ್ತಿರವೇ ಹಿಡಿದಳು. ಬಿಡಿಸಿದ ಲೆಕ್ಕಗಳ ಮೇಲೆ ಕಂದು ಬಣ್ಣದ ನುಣ್ಣನೆಯ ಪುಡಿ ಉದುರಿತ್ತು.

ಅಮ್ಮ ಪುಷ್ಪಲತಾ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತದೆಯೇ, ಓದು ತಪ್ಪಿಸಿಕೊಳ್ಳೋಕೆ ದಿನಕ್ಕೊಂದು ನೆಪ ಹುಡುಕಬೇಡ ಎಂದು ಗದರಿದಳು.

ನೆಪವಂತೆ ನೆಪ! ಮೇಘಶ್ರೀಗೆ ಮೈಯೆಲ್ಲ ಉರಿದುಹೋಯಿತು.

ಅರಸೀಕೆರೆಯ ಆ ಮನೆಯಲ್ಲಿ ಇದ್ದದ್ದೇ ಒಂದು ಕೋಣೆ, ಒಂದು ಅಡುಗೆಮನೆ. ಫ್ರಿಜ್ಜು, ವಾಷಿಂಗ್ ಮಷೀನು, ಗ್ರೈಂಡರು ಒಂದೊಂದೇ ಬಂದು ಕೂತ ಮೇಲೆ ಮನುಷ್ಯರು ಅಡ್ಡಡ್ಡ ನಡೆಯಬೇಕಾಗಿತ್ತು. ಮೇಘಶ್ರೀ ಪಾಲಿಗೆ ಉಳಿದದ್ದು ಅಡುಗೆಮನೆ ಬಾಗಿಲ ಪಕ್ಕದ ಚಾಪೆಯಷ್ಟು ಜಾಗ. ಎಂಟು ದಿನದ ಹಿಂದೆ ಚಿಕ್ಕಪ್ಪ ಒಂದು ಮೈಕ್ರೋವೇವ್ ಓವನ್ ತಂದುಕೊಟ್ಟ. ನೆಲದಲ್ಲಿ ಜಾಗವಿಲ್ಲವೆಂದು ಅಪ್ಪ ಅದನ್ನು ಗೋಡೆಗೆ ಹತ್ತಿಸಿದ. ಅದೂ ಸರಿಯಾಗಿ ಅವಳು ಕೂರುವ ಜಾಗದ ಮೇಲೆ.

ಹಳೆಯ ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುತ್ತಿರಲಿಲ್ಲ. ಅದಕ್ಕೇ ಅಪ್ಪ ಶಶಿಧರ್ ಮೊದಲು ಉದ್ದನೆಯ ಬೋಲ್ಟು ಹಾಕಿ ಗೋಡೆಗೊಂದು ತೆಂಗಿನ ಹಲಗೆ ಬಿಗಿದ. ಹಲಗೆಗೆ ಕಬ್ಬಿಣದ ಎರಡು ಬ್ರ್ಯಾಕೆಟ್ಟುಗಳನ್ನು ಸ್ಕ್ರೂನಿಂದ ಕೂರಿಸಿ, ಅವುಗಳ ಮೇಲೆ ಓವನ್ ಇಟ್ಟ. ಬಡಗಿ ಹನುಮಂತಯ್ಯ ನೋಡಿ, ಇದು ತೆಂಗಿನ ಮರದ ಒಳಭಾಗ, ಮೆತ್ತಗಿರುತ್ತದೆ, ಹೊರಭಾಗದ ಗಟ್ಟಿ ಹಲಗೆ ಹಾಕಿ ಎಂದಿದ್ದರು. ಅಪ್ಪ ಕೇಳಬೇಕಲ್ಲ! ಕೊಬ್ಬರಿ ವ್ಯಾಪಾರದ ಮನೆ. ತೆಂಗಿನಲ್ಲೂ ಐಬು ಉಂಟೆ? "ಬಾಣಾವರದ ನಮ್ಮ ತೋಟದ ಮರ ಕಣ್ರೀ, ನಮ್ಮ ತಾತ ನೆಟ್ಟಿದ್ದು," ಎಂದು ಅವರ ಬಾಯಿ ಮುಚ್ಚಿಸಿಬಿಟ್ಟಿದ್ದ.

ಅಮ್ಮ ಓವನ್ನಿನ ಬಾಗಿಲು ಎಳೆದಾಗಲೆಲ್ಲ ಹಲಗೆಯಿಂದ ಪುಡಿ ಬೀಳುತ್ತಿತ್ತು. ಸ್ಕ್ರೂಗಳು ಸಡಿಲವಾಗುತ್ತಿವೆ ಎಂದು ಮೇಘಶ್ರೀ ಆ ಸಂಜೆ ಅಪ್ಪನಿಗೂ ಹೇಳಿದಳು. ಅವನು ಫೋನಿನಿಂದ ಕಣ್ಣು ತೆಗೆಯಲಿಲ್ಲ. ಹತ್ತು ವರ್ಷದವಳು ತನಗೆ ಮರದ ಪಾಠ ಹೇಳುತ್ತಾಳೆಂದು ನಕ್ಕ. ಆ ನಗು ಅವಳಿಗೆ ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

"ನಾನಿನ್ನು ಅಲ್ಲಿ ಕೂರಲ್ಲ," ಎಂದವಳೇ ಚಾಪೆ, ಬ್ಯಾಗು ಎಳೆದುಕೊಂಡು ಜಗುಲಿಗೆ ಹೋದಳು. ಯಾರೂ ಕರೆಯಲಿಲ್ಲ.

ಬೆಳಿಗ್ಗೆ ಅಜ್ಜಿ ಮಹದೇವಮ್ಮ ಸ್ನಾನ ಮುಗಿಸಿ ಬಂದಳು. ದಿನವೂ ಮಂಚದ ಪಕ್ಕದ ಇಕ್ಕಟ್ಟಿನಲ್ಲಿ ಲಿಂಗಪೂಜೆ ಮಾಡುತ್ತಿದ್ದವಳಿಗೆ ಖಾಲಿಯಾಗಿದ್ದ ಮೂಲೆ ಕಂಡಿತು. ಅಲ್ಲೇ ಮಣೆ ಹಾಕಿ ಕೂತು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟಳು. ಆ ಹೊತ್ತಿನಲ್ಲಿ ಅಜ್ಜಿಯನ್ನು ಯಾರೂ ಮಾತಾಡಿಸುವಂತಿಲ್ಲ. ಲಿಂಗ ಕೈಜಾರಿತೋ, ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ.

ಜಡೆ ಹೆಣೆದುಕೊಳ್ಳುತ್ತ ಒಳಗೆ ಬಂದ ಮೇಘಶ್ರೀ ಜಡೆಯನ್ನು ಅರ್ಧಕ್ಕೇ ಬಿಟ್ಟಳು. ತಾನು ಸಿಟ್ಟಿನಿಂದ ಬಿಟ್ಟುಹೋದ ಜಾಗದಲ್ಲಿ ಅಜ್ಜಿ ಕೂತಿದ್ದಾಳೆ. ಅಷ್ಟರಲ್ಲೇ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, ಹಾಲು ಬಿಸಿಮಾಡಲು ಕೈಚಾಚಿ ಓವನ್ನಿನ ಬಾಗಿಲು ಎಳೆದಳು. ಎಡಗಡೆಯ ಬ್ರ್ಯಾಕೆಟ್ಟು ಹಲಗೆಯಿಂದ ಒಂದು ಬೆರಳಷ್ಟು ಮುಂದಕ್ಕೆ ಬಂತು.

ಮೇಘಶ್ರೀ ಓಡಿದಳು. ಲಿಂಗವಿದ್ದ ಅಂಗೈಯನ್ನು ತನ್ನ ಎರಡೂ ಕೈಗಳಿಂದ ಮುಚ್ಚಿ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಎಳೆದಳು. ಅಜ್ಜಿ ಮಣೆಯಿಂದ ಪಕ್ಕಕ್ಕೆ ಉರುಳಿದಳು. ಲಿಂಗ ಮಾತ್ರ ಅವರಿಬ್ಬರ ಅಂಗೈಗಳ ನಡುವೆಯೇ ಇತ್ತು.

"ಪೂಜೆ ಕೆಡಿಸ್ದಲ್ಲೇ ಪಾಪಿ," ಎಂದು ಅಜ್ಜಿ ಚೀರಿದಳು. ಅಪ್ಪ ಓಡಿಬಂದವನೇ ಕೈ ಎತ್ತಿದ.

ಮೇಘಶ್ರೀ ಹಿಂದೆ ಸರಿಯಲಿಲ್ಲ. "ಹೊಡಿ. ಹೊಡ್ದಾದ್ಮೇಲಾದ್ರೂ ಒಂದ್ಸಲ ತಲೆ ಎತ್ತಿ ಆ ಸ್ಕ್ರೂ ನೋಡು."

"ಏನೇ ಸ್ಕ್ರೂ? ಎಂಟಾಳು ಜೋತುಬಿದ್ರೂ ಅಲ್ಲಾಡಲ್ಲ ಅದು," ಎನ್ನುತ್ತ ಅಪ್ಪ ಎತ್ತಿದ ಕೈಯನ್ನು ಓವನ್ನಿನ ಮೇಲಿಟ್ಟು ಅದುಮಿದ.

ಎಡಗಡೆಯ ಬ್ರ್ಯಾಕೆಟ್ಟು ಸ್ಕ್ರೂ ಸಮೇತ ಕಿತ್ತು, ಅಜ್ಜಿಯ ಮಣೆಯ ಮೇಲೆ ಠಣ್ಣೆಂದು ಬಿತ್ತು. ಜಾರಿದ ಓವನ್ನನ್ನು ಅಪ್ಪ ಹೇಗೋ ಎದೆಗೆ ಆನಿಸಿ ಹಿಡಿದುಕೊಂಡ. ಅಮ್ಮ ಓಡಿಹೋಗಿ ಪ್ಲಗ್ ಕಿತ್ತಳು. ಅಜ್ಜಿ ಲಿಂಗವನ್ನು ಎದೆಗೊತ್ತಿಕೊಂಡು, ತಾನು ಈಗಷ್ಟೇ ಕೂತಿದ್ದ ಮಣೆಯನ್ನೇ ನೋಡುತ್ತಿದ್ದಳು.

ನಾನು ಹೇಳಿರ್ಲಿಲ್ವಾ? ಮೇಘಶ್ರೀ ನಾಲಿಗೆಯ ತುದಿಗೇ ಬಂದಿತ್ತು ಈ ಮಾತು. ಎಂಟು ದಿನದಿಂದ ಇಂಥವು ಎಷ್ಟೋ ಕೂಡಿಟ್ಟುಕೊಂಡಿದ್ದಳು, ಎಲ್ಲವನ್ನೂ ಈಗಲೇ ಎಸೆಯಬಹುದಿತ್ತು. ಆದರೆ ಭಾರಕ್ಕೆ ಅಪ್ಪನ ತೋಳುಗಳು ಅದುರುತ್ತಿದ್ದವು, ಮುಖ ಬಿಳಿಚಿಕೊಂಡಿತ್ತು. ಅವನು ಫ್ರಿಜ್ಜಿನ ಮೇಲೆ ನೋಡಿದ, ಅಲ್ಲಿ ಸ್ಟೆಬಿಲೈಸರ್ ಇತ್ತು. ವಾಷಿಂಗ್ ಮಷೀನಿನ ಮೇಲೆ ಗ್ರೈಂಡರ್ ಇತ್ತು. ಕೊನೆಗೆ ಮಗಳ ಕಡೆ ತಿರುಗಿದ.

"ಎಲ್ಲಿಡ್ಲವ್ವ ಇದನ್ನ?"

ಕೇಳಿದ್ದು ಅಮ್ಮನನ್ನಲ್ಲ, ಅಜ್ಜಿಯನ್ನೂ ಅಲ್ಲ. ಮೇಘಶ್ರೀ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಅವಳು ಮಣೆಯನ್ನು ಪಕ್ಕಕ್ಕೆ ಸರಿಸಿ, ತನ್ನ ಮೂಲೆಯ ನೆಲ ತೋರಿಸಿದಳು.

"ಅಲ್ಲಿಟ್ರೆ ನೀನೆಲ್ಲಿ ಕೂತ್ಕೊಂಡು ಓದ್ತೀಯ?" ಎಂದ ಅಪ್ಪ.

"ಅದನ್ನ ಆಮೇಲೆ ನೋಡಾನ. ಕೈ ನಡುಗ್ತಾ ಐತೆ ನಿಂಗೆ, ಮೊದ್ಲು ಕೆಳಗಿಡಪ್ಪ," ಎಂದು ಅವಳು ಓವನ್ನಿನ ಇನ್ನೊಂದು ಬದಿಗೆ ಕೈಕೊಟ್ಟಳು.